ರಾತ್ರಿ ಬಂದವರೂ ಲೆಕ್ಕಕ್ಕೆ ಸೇರಲಿ: ತುರ್ತು ಚಿಕಿತ್ಸೆಯ ಸಂಶೋಧನೆಯಲ್ಲಿ ಪದವಿ ವಿದ್ಯಾರ್ಥಿಗಳು



ವೈದ್ಯಕೀಯ ವಿಷಯದ ಮಾತು ಓದುವ ಮಕ್ಕಳಿಗೂ ಆಸ್ಪತ್ರೆಗೆ ಬರುವ ಜನರಿಗೂ ಉಪಯೋಗವಾಗಬೇಕು ಎಂಬುದು ಈ ಉಪನ್ಯಾಸವನ್ನು ನಡೆಸುವ ದತ್ತಿಯ ಆಶಯ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವತ್ತಿನ ವಿಷಯವನ್ನು ಆರಿಸಿಕೊಂಡಿದ್ದೇನೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ, ಅಂದರೆ ನಮ್ಮ ಜನ ಕ್ಯಾಶುವಾಲ್ಟಿ ಎನ್ನುವ ಜಾಗದಲ್ಲಿ, ಇನ್ನೂ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಸಂಶೋಧನೆಯ ಕೆಲಸ ಮಾಡಬಹುದೇ? ಮಾಡಿದರೆ ರೋಗಿಗೆ ಏನು ಲಾಭ, ವಿದ್ಯಾರ್ಥಿಗೆ ಏನು ಲಾಭ, ವಿದ್ಯೆಗೆ ಏನು ಲಾಭ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಡಬಹುದು, ಮಾಡಲೇಬೇಕು. ಆದರೆ ಈಗ ನಾವು ಮಾಡುತ್ತಿರುವ ರೀತಿಯಲ್ಲಿ ಅಲ್ಲ. ವಿದ್ಯಾರ್ಥಿಗೊಂದು ಪುಟ್ಟ ಪ್ರಬಂಧ, ಎರಡು ತಿಂಗಳ ಓಡಾಟ, ಕೊನೆಗೊಂದು ಸರ್ಟಿಫಿಕೇಟ್ ಎಂಬ ಕ್ರಮ ಬದಲಾಗಬೇಕು. ವಿಭಾಗಕ್ಕೆ ಒಂದು ದೀರ್ಘಕಾಲದ ಪ್ರಶ್ನೆ ಇರಬೇಕು. ಆ ಪ್ರಶ್ನೆಗೆ ಸರದಿಯ ಮೇಲೆ ವಿದ್ಯಾರ್ಥಿಗಳು ದುಡಿಯಬೇಕು. ಹಗಲು ಬಂದವರಂತೆ ರಾತ್ರಿ ಬಂದವರೂ ಲೆಕ್ಕಕ್ಕೆ ಸೇರಬೇಕು. ಈ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎನ್ನುವುದೇ ಮುಂದಿನ ವಿವರಣೆ.

ಸ್ಟೋನಿ ಬ್ರೂಕ್‌ನ ಪ್ರಯೋಗ

ತುರ್ತು ವೈದ್ಯಕೀಯ ಹಳೆಯ ಶಾಸ್ತ್ರವಲ್ಲ. 1961ರಲ್ಲಿ ಅಮೆರಿಕದ ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯ ಊರಿನಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ ಬಿಟ್ಟು, ಗೆಳೆಯರ ಜೊತೆ ಸೇರಿ, ಹಗಲೂ ರಾತ್ರಿ ಆಸ್ಪತ್ರೆಯ ತುರ್ತು ವಿಭಾಗವನ್ನೇ ನೋಡಿಕೊಳ್ಳಲು ನಿಂತರು. ಅಲ್ಲಿಯವರೆಗೆ ಆ ಕೋಣೆ ಯಾರಿಗೂ ಸೇರಿದ್ದಾಗಿರಲಿಲ್ಲ. ಸರದಿ ಬಂದ ವೈದ್ಯರು, ಅವರ ಪರಿಣತಿ ಯಾವುದೇ ಇರಲಿ, ಬಂದು ನೋಡಿ ಹೋಗುತ್ತಿದ್ದರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೊದಲ ರೆಸಿಡೆನ್ಸಿ ತರಬೇತಿ ಆರಂಭವಾಯಿತು. 1979ರಲ್ಲಿ ಅಮೆರಿಕ ಇದನ್ನು ಪ್ರತ್ಯೇಕ ಸ್ಪೆಷಾಲಿಟಿ ಎಂದು ಒಪ್ಪಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತುರ್ತು ವೈದ್ಯಕೀಯದ ಎಂ.ಡಿ. ಪದವಿಗೆ ಮಾನ್ಯತೆ ಕೊಟ್ಟದ್ದು 2009ರಲ್ಲಿ.

ಹೊಸ ಶಾಸ್ತ್ರಕ್ಕೆ ತನ್ನದೇ ಪುರಾವೆ ಬೇಕು. ಎದೆನೋವೆಂದು ಬಂದವರಲ್ಲಿ ಯಾರನ್ನು ಮನೆಗೆ ಕಳಿಸಬಹುದು, ತಲೆಗೆ ಪೆಟ್ಟು ಬಿದ್ದ ಮಗುವಿಗೆ ಸ್ಕ್ಯಾನ್ ಬೇಕೇ ಬೇಡವೇ ಎಂಬ ಪ್ರಶ್ನೆಗಳಿಗೆ ವಾರ್ಡಿನಲ್ಲಿ ಮಲಗಿದ ರೋಗಿಗಳಿಂದ ಉತ್ತರ ಸಿಗುವುದಿಲ್ಲ, ಬಾಗಿಲಲ್ಲಿ ಬಂದಿಳಿದವರಿಂದಲೇ ಸಿಗಬೇಕು. ತೊಡಕಿದ್ದದ್ದು ಇಲ್ಲಿಯೇ. ಡ್ಯೂಟಿ ಡಾಕ್ಟರಿಗೆ ರೋಗಿಯನ್ನು ಬಿಟ್ಟು ಫಾರಂ ತುಂಬಲು ಆಗುವುದಿಲ್ಲ, ತುಂಬಲೂಬಾರದು. ಸಂಶೋಧನೆಗೆಂದೇ ನರ್ಸುಗಳನ್ನು ನೇಮಿಸಿದರೆ ಅವರು ಸಾಮಾನ್ಯವಾಗಿ ಕಚೇರಿ ಸಮಯಕ್ಕೆ ಬಂದು ಹೋಗುತ್ತಾರೆ. ದಿನದ 24 ಗಂಟೆಯೂ ಸಂಬಳ ಕೊಟ್ಟು ಜನರನ್ನು ಕೂರಿಸುವಷ್ಟು ಹಣ ಯಾವ ವಿಭಾಗದಲ್ಲೂ ಇರುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜಡ್ ಹಾಲಾಂಡರ್ ಮತ್ತು ಅವರ ಸಂಗಡಿಗರು ಇದಕ್ಕೊಂದು ದಾರಿ ಕಂಡುಕೊಂಡರು. ಅಮೆರಿಕದಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ನೇರವಾಗಿ ವೈದ್ಯಕೀಯ ಕಾಲೇಜಿಗೆ ಹೋಗುವುದಿಲ್ಲ. ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ವೈದ್ಯಕೀಯ. ಆ ನಾಲ್ಕು ವರ್ಷದಲ್ಲಿ ಆಸ್ಪತ್ರೆಯ ಒಳಗೆ ಕಾಲಿಡುವ ಅವಕಾಶಕ್ಕಾಗಿ ಸಾವಿರಾರು ವಿದ್ಯಾರ್ಥಿಗಳು ಕಾದಿರುತ್ತಾರೆ. ಅವರಿಗೆ ತರಬೇತಿ ಕೊಟ್ಟು, ಪಾಳಿ ಹಂಚಿ, ಅಧ್ಯಯನಕ್ಕೆ ಹೊಂದುವ ರೋಗಿಗಳನ್ನು ಗುರುತಿಸುವ ಮತ್ತು ಮಾಹಿತಿ ಬರೆದುಕೊಳ್ಳುವ ಕೆಲಸ ಒಪ್ಪಿಸಿದರು. ಅದನ್ನು ಕಾಲೇಜಿನ ಒಂದು ಕೋರ್ಸ್ ಮಾಡಿದರು. ಕ್ರೆಡಿಟ್ ಕೊಟ್ಟರು, ಸಂಶೋಧನಾ ವಿಧಾನದ ಪಾಠ ಮಾಡಿದರು. ಇವರನ್ನು ಅಕಾಡೆಮಿಕ್ ಅಸೋಸಿಯೇಟ್‌ಗಳು ಎಂದು ಕರೆದರು. 1997ರಲ್ಲಿ ಈ ಅನುಭವವನ್ನು ವೃತ್ತಿಪತ್ರಿಕೆಯಲ್ಲಿ ಪ್ರಕಟಿಸಿದರು. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿ ಕೀತ್ ಬ್ರಾಡ್ಲಿ ಇಂಥದೇ ಯೋಜನೆ ನಡೆಸಿದರು. ಮುಂದೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ಮತ್ತು ಡೇವಿಸ್ ವಿಶ್ವವಿದ್ಯಾಲಯಗಳು ಸೇರಿದಂತೆ ಹಲವು ಕಡೆ ಬೇರೆ ಬೇರೆ ಹೆಸರಿನಲ್ಲಿ ಇದು ಬೇರೂರಿತು.

ಈ ವಿದ್ಯಾರ್ಥಿ ಮಾಡುವ ಕೆಲಸ ಸರಳವಾಗಿ ಕಾಣುತ್ತದೆ. ಪಾಳಿಗೆ ಬಂದವಳು ಬೋರ್ಡಿನ ಮೇಲಿನ ರೋಗಿಗಳ ಪಟ್ಟಿ ನೋಡುತ್ತಾಳೆ. ನಡೆಯುತ್ತಿರುವ ಅಧ್ಯಯನಕ್ಕೆ ಯಾರು ಹೊಂದುತ್ತಾರೆ ಎಂದು ಗುರುತಿಸುತ್ತಾಳೆ. ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಿ, ಅವರು ಸರಿ ಎಂದ ಮೇಲೆ ರೋಗಿಯ ಬಳಿ ಹೋಗುತ್ತಾಳೆ, ಅಧ್ಯಯನವನ್ನು ವಿವರಿಸುತ್ತಾಳೆ. ಒಪ್ಪಿದರೆ ನಮೂನೆ ತುಂಬುತ್ತಾಳೆ. ತಿಂಗಳ ನಂತರ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಾಳೆ. ಸೂಜಿ ಹಿಡಿಯುವುದಿಲ್ಲ, ಔಷಧಿ ಮುಟ್ಟುವುದಿಲ್ಲ, ಸಲಹೆ ಕೊಡುವುದಿಲ್ಲ.

ಆ ತಿಂಗಳ ನಂತರದ ಫೋನಿನ ಮಹತ್ವ ಎಷ್ಟು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎದೆನೋವಿನವರಿಗೆ ಹೃದಯದ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಮಾಡಿ ಬೇಗ ಮನೆಗೆ ಕಳಿಸಬಹುದೇ ಎಂದು ಅಮೆರಿಕದ ಐದು ಆಸ್ಪತ್ರೆಗಳಲ್ಲಿ 1,370 ಜನರ ಮೇಲೆ ಅಧ್ಯಯನ ನಡೆಯಿತು. ಹಾಲಾಂಡರ್ ಕೂಡ ಅದರ ತಂಡದಲ್ಲಿದ್ದರು. 2012ರಲ್ಲಿ ಫಲಿತಾಂಶ ಬಂತು: ಸ್ಕ್ಯಾನಿನಲ್ಲಿ ದೋಷ ಕಾಣದ 640 ಜನರಲ್ಲಿ 30 ದಿನದೊಳಗೆ ಯಾರೂ ಸಾಯಲಿಲ್ಲ, ಯಾರಿಗೂ ಹೃದಯಾಘಾತವಾಗಲಿಲ್ಲ. ಮನೆಗೆ ಹೋದವರನ್ನು 30 ದಿನದ ಮೇಲೆ ಬೆನ್ನುಹತ್ತಿ ವಿಚಾರಿಸದೆ ಇದ್ದಿದ್ದರೆ ಈ ಮಾತು ಹೇಳಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಬಿಟ್ಟುಹೋದವರ ಪಟ್ಟಿ

ಈಗ ರಾತ್ರಿಯ ವಿಷಯಕ್ಕೆ ಬರೋಣ. ಬೆಳಿಗ್ಗೆ ಹನ್ನೊಂದಕ್ಕೆ ಕ್ಯಾಶುವಾಲ್ಟಿಗೆ ಬರುವವರೂ ರಾತ್ರಿ ಎರಡಕ್ಕೆ ಬರುವವರೂ ಒಂದೇ ಬಗೆಯ ಜನರಲ್ಲ. ರಾತ್ರಿ ಬರುವವರಲ್ಲಿ ಕುಡಿದು ಬೈಕ್‌ನಿಂದ ಬಿದ್ದವರು ಹೆಚ್ಚು, ಹೊಡೆತ ತಿಂದ ಹೆಂಗಸರು ಹೆಚ್ಚು, ವಿಷ ಕುಡಿದವರು ಹೆಚ್ಚು, ದೂರದ ಹಳ್ಳಿಯಿಂದ ವಾಹನ ಸಿಗದೆ ತಡವಾದವರು ಹೆಚ್ಚು. ಹಗಲಿನವರನ್ನು ಮಾತ್ರ ಎಣಿಸಿ ಬರೆದ ಅಧ್ಯಯನ ಹಗಲಿನವರಿಗೆ ಮಾತ್ರ ನಿಜ. ಮಳೆ ಅಳೆಯುವವನು ತನಗೆ ಬಿಡುವಿದ್ದ ದಿನ ಮಾತ್ರ ಅಳೆದು ಬರೆದಿಟ್ಟರೆ ಆ ವರ್ಷ ಎಷ್ಟು ಮಳೆಯಾಯಿತೆಂದು ಯಾರು ಹೇಳಬಲ್ಲರು?

ಆದ್ದರಿಂದಲೇ ಒಳ್ಳೆಯ ತುರ್ತು ವಿಭಾಗದ ಸಂಶೋಧನೆಯಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು, ಅಧ್ಯಯನಕ್ಕೆ ಸೇರಿದವರದು. ಇನ್ನೊಂದು, ಸೇರಬೇಕಾಗಿದ್ದೂ ಸೇರದೆ ಹೋದವರದು. ಒಪ್ಪಲಿಲ್ಲವೋ, ಪ್ರಜ್ಞೆ ಇರಲಿಲ್ಲವೋ, ಭಾಷೆ ತಿಳಿಯಲಿಲ್ಲವೋ, ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದರೋ, ಅಥವಾ ಆ ಹೊತ್ತಿನಲ್ಲಿ ನೋಡುವವರೇ ಇರಲಿಲ್ಲವೋ ಎಂದು ಕಾರಣ ಸಹಿತ ಬರೆದಿರಬೇಕು. ಈ ಎರಡನೆಯ ಪಟ್ಟಿ ಇಲ್ಲದ ಅಧ್ಯಯನವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಎಲ್ಲರನ್ನೂ ಎಣಿಸುವುದು ಯಾಕೆ ಬೇಕೆಂದರೆ, ತುರ್ತು ವಿಭಾಗದಲ್ಲಿ ಅಪಾಯದ ಕಾಯಿಲೆ ಸಾಮಾನ್ಯ ದೂರುಗಳ ನಡುವೆ ಅಪರೂಪಕ್ಕೆ ಅಡಗಿರುತ್ತದೆ. ಅಪಘಾತದಲ್ಲಿ ಪೆಟ್ಟಾದವರಲ್ಲಿ ಯಾರಿಗೆ ಕತ್ತಿನ ಎಕ್ಸ್-ರೇ ಬೇಡ ಎಂದು ತಿಳಿಯಲು ಲಾಸ್ ಏಂಜಲೀಸ್‌ನ ಜೆರೋಮ್ ಹಾಫ್‌ಮನ್ ಮತ್ತು ಸಂಗಡಿಗರು ನೆಕ್ಸಸ್ ಎಂಬ ಅಧ್ಯಯನ ನಡೆಸಿದರು. 21 ಆಸ್ಪತ್ರೆ, 34,069 ಜನ. ಅಷ್ಟು ಜನರಲ್ಲಿ ಕತ್ತಿನ ಮೂಳೆಗೆ ಪೆಟ್ಟಾಗಿದ್ದದ್ದು 818 ಜನರಿಗೆ. ಹಾಸಿಗೆಯ ಪಕ್ಕದಲ್ಲೇ ನೋಡಿ ಹೇಳಬಹುದಾದ ಐದು ಅಂಶಗಳ ಪರೀಕ್ಷೆ ಅವರಲ್ಲಿ 8 ಜನರನ್ನು ಬಿಟ್ಟು ಉಳಿದವರೆಲ್ಲರನ್ನೂ ಹಿಡಿಯಿತು. ಎಕ್ಸ್-ರೇ ಫಲಿತಾಂಶ ಗೊತ್ತಾಗುವ ಮೊದಲೇ ವೈದ್ಯರು ತಮಗೆ ಕಂಡದ್ದನ್ನು ಬರೆದಿಡಬೇಕೆಂಬ ನಿಯಮವಿತ್ತು. 2000ದಲ್ಲಿ ಪ್ರಕಟವಾದ ಈ ಅಧ್ಯಯನದಿಂದಾಗಿ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಜನ ಬೇಡದ ಎಕ್ಸ್-ರೇಯಿಂದ ತಪ್ಪಿಸಿಕೊಂಡಿದ್ದಾರೆ.

ಒಂದು ಕಾಲಂನ ಬೆಲೆ

ಫಾರಂ ತುಂಬುವುದನ್ನು ಗುಮಾಸ್ತಗಿರಿ ಎಂದು ಕೆಲವರು ಭಾವಿಸುತ್ತಾರೆ. ಅವರ ಮುಂದೆ ನಾನು ಎರಡು ಅಧ್ಯಯನಗಳನ್ನು ಇಡುತ್ತೇನೆ.

ತಲೆಗೆ ಪೆಟ್ಟಾದವರಿಗೆ ಸ್ಟೆರಾಯ್ಡ್ ಕೊಡುವ ಪದ್ಧತಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂದಿತ್ತು. ಮಿದುಳಿನ ಬಾವು ಇಳಿಯುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿತ್ತು. 49 ದೇಶಗಳ 10,008 ಗಾಯಾಳುಗಳನ್ನು ಸೇರಿಸಿ ಕ್ರಾಶ್ ಎಂಬ ಅಧ್ಯಯನ ನಡೆಸಿದಾಗ, ಎರಡು ವಾರದೊಳಗೆ ಸ್ಟೆರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1 ಮಂದಿಯೂ, ಪಡೆಯದವರಲ್ಲಿ 17.9 ಮಂದಿಯೂ ಸತ್ತಿದ್ದರು. ಒಳ್ಳೆಯದಾಗಲಿ ಎಂದು ಕೊಟ್ಟ ಔಷಧಿಯೇ ಜೀವ ತೆಗೆಯುತ್ತಿತ್ತು. 2004ರಲ್ಲಿ ಇದು ಪ್ರಕಟವಾಗುವವರೆಗೆ ಯಾವ ಒಬ್ಬ ವೈದ್ಯನಿಗೂ ತನ್ನ ಅನುಭವದಿಂದ ಇದು ಕಾಣಿಸುವಂತಿರಲಿಲ್ಲ. ನೂರರಲ್ಲಿ ಮೂವರ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಕ್ಕೆ ಮಾತ್ರ ಕಾಣುತ್ತದೆ.

ಎರಡನೆಯದು ಕ್ರಾಶ್-2. ಗಾಯದಿಂದ ರಕ್ತ ಸುರಿಯುತ್ತಿರುವವರಿಗೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಅಗ್ಗದ ಔಷಧಿ ಕೊಟ್ಟರೆ ಬದುಕುತ್ತಾರೆಯೇ ಎಂದು 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಜನರ ಮೇಲೆ ನಡೆದ ಅಧ್ಯಯನ. ಭಾರತದ ಆಸ್ಪತ್ರೆಗಳ ಪಾಲು ಇದರಲ್ಲಿ ದೊಡ್ಡದು. 2010ರಲ್ಲಿ ಬಂದ ಉತ್ತರ ಹೌದು ಎಂಬುದಾಗಿತ್ತು: ಸಾವು ನೂರಕ್ಕೆ 16ರಿಂದ 14.5ಕ್ಕೆ ಇಳಿದಿತ್ತು. ಆದರೆ ಮರುವರ್ಷ ಅದೇ ಮಾಹಿತಿಯನ್ನು ಗಾಯವಾಗಿ ಎಷ್ಟು ಹೊತ್ತಾಗಿತ್ತು ಎಂಬ ಲೆಕ್ಕದಲ್ಲಿ ವಿಂಗಡಿಸಿ ನೋಡಿದರು. ಒಂದು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ರಕ್ತಸ್ರಾವದಿಂದ ಸತ್ತವರು ನೂರಕ್ಕೆ 5.3, ಪಡೆಯದವರಲ್ಲಿ 7.7. ಮೂರು ಗಂಟೆ ದಾಟಿದ ಮೇಲೆ ಲೆಕ್ಕ ತಿರುಗಿಬಿತ್ತು: ಪಡೆದವರಲ್ಲಿ 4.4, ಪಡೆಯದವರಲ್ಲಿ 3.1. ಅದೇ ಔಷಧಿ ಬೇಗ ಕೊಟ್ಟರೆ ಕಾಯುತ್ತದೆ, ತಡವಾಗಿ ಕೊಟ್ಟರೆ ಕೊಲ್ಲುತ್ತದೆ.

ಇದು ಗೊತ್ತಾದದ್ದು ಹೇಗೆ? ಫಾರಮ್ಮಿನಲ್ಲಿ ಗಾಯವಾದ ಸಮಯ ಎಂದು ಒಂದು ಕಾಲಂ ಇತ್ತು. ಯಾರೋ ಅದನ್ನು ಕೇಳಿ ಬರೆದಿದ್ದರು. ಎಷ್ಟೋ ಭಾಷೆಗಳಲ್ಲಿ, ಗಾಬರಿಯಲ್ಲಿದ್ದ ಎಷ್ಟೋ ಮನೆಯವರನ್ನು ಕೇಳಿ ಆ ಒಂದು ಅಂಕಿಯನ್ನು ಹಿಡಿದಿದ್ದರು. ಆ ಕಾಲಂ ಖಾಲಿ ಬಿಟ್ಟಿದ್ದರೆ ಇಂದಿಗೂ ನಾವು ಐದು ಗಂಟೆ ತಡವಾಗಿ ಬಂದವರಿಗೂ ಆ ಚುಚ್ಚುಮದ್ದನ್ನು ಧೈರ್ಯವಾಗಿ ಕೊಡುತ್ತಿದ್ದೆವು.

ಕೇಳುವ ಕ್ರಮ

ಈ ಒಂದು ಅಂಕಿ ನಮ್ಮ ಕಡೆ ಹೇಗೆ ಸಿಗುತ್ತದೆ ಎಂದು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐ.ಸಿ.ಎಂ.ಆರ್., 1979ರಿಂದ ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗಾಗಿ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಎಂಬ ಎರಡು ತಿಂಗಳ ಯೋಜನೆ ನಡೆಸುತ್ತಿದೆ. ಅದರಡಿ ಹಾವು ಕಡಿತದ ಬಗ್ಗೆ ಕೆಲಸ ಮಾಡುತ್ತಿದ್ದ ಎಂ.ಬಿ.ಬಿ.ಎಸ್. ವಿದ್ಯಾರ್ಥಿನಿಯೊಬ್ಬಳನ್ನು ಒಂದು ರಾತ್ರಿ ನಾನು ಪಕ್ಕದಲ್ಲಿ ನಿಂತು ಗಮನಿಸಿದ್ದೆ. ಕೊಳಕುಮಂಡಲ ಕಚ್ಚಿದ ರೈತ. ಕಾಲು ಊದಿತ್ತು, ಎಚ್ಚರವಿತ್ತು. ಹಾವಿನ ವಿಷಕ್ಕೆ ಪ್ರತಿವಿಷವಾದ ಎ.ಎಸ್.ವಿ. ಡ್ರಿಪ್ ಶುರುವಾಗಿ ಪರಿಸ್ಥಿತಿ ಹಿಡಿತಕ್ಕೆ ಬರುವವರೆಗೆ ಅವಳು ದೂರ ನಿಂತಿದ್ದಳು. ಡ್ಯೂಟಿ ಡಾಕ್ಟರು ತಲೆಯಾಡಿಸಿದ ಮೇಲೆ ಹತ್ತಿರ ಹೋದಳು.

“ಅಣ್ಣ, ನಾನು ಡಾಕ್ಟ್ರಲ್ಲ, ಇನ್ನೂ ಓದ್ತಾ ಇರೋಳು. ಹಾವು ಕಚ್ಚಿದೋರ ಬಗ್ಗೆ ಬರ್ಕೊಳ್ತಾ ಇದೀವಿ. ನಿಮ್ದೂ ಬರ್ಕೊಳ್ಳಲಾ?”

“ಅವಳ್ನ ಕೇಳವ್ವ” ಎಂದು ಆತ ಹೆಂಡತಿಯ ಕಡೆ ಕೈತೋರಿಸಿದ.

“ಏನಾಯ್ತು ಅಂತ ಅಕ್ಕನ್ನ ಕೇಳ್ತೀನಿ. ಆದ್ರೆ ಒಪ್ಪಿಗೆ ನಿಮ್ದೇ ಆಗ್ಬೇಕು ಅಣ್ಣ.”

ಹೆಂಡತಿಗೆ ಕಾಗದ ನೋಡಿಯೇ ಭಯ. “ಸೈನು ಅಂದ್ರೆ ಆಪ್ರೇಷನ್ನಾ ಮೇಡಂ? ಕಾಲು ಕೊಯ್ತಾರಾ?”

“ಇಲ್ಲ ಅಕ್ಕ, ಇದು ಆಪರೇಷನ್ ಪೇಪರಲ್ಲ. ದುಡ್ಡಿನ್ದೂ ಅಲ್ಲ, ಪೊಲೀಸ್‌ದೂ ಅಲ್ಲ. ಬೇಡ ಅನ್ಸಿದ್ರೆ ಬೇಡ ಅನ್ನಿ. ಔಷಧಿ ಹಿಂಗೇ ನಡೀತದೆ.”

ಆತ ಒಪ್ಪಿದ. ಓದು ಬಾರದವರ ಹೆಬ್ಬೆಟ್ಟಿಗೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಬೇಕು ಎಂಬುದು ನಿಯಮ. ಪಕ್ಕದ ಸ್ಟ್ರೆಚರ್‌ನ ರೋಗಿಯ ಮಗನನ್ನು ಕರೆದು, ಅವನೆದುರು ಎಲ್ಲವನ್ನೂ ಇನ್ನೊಮ್ಮೆ ಓದಿ ಹೇಳಿದಳು. ಆಮೇಲೆ ಅಸಲು ಪ್ರಶ್ನೆ.

“ಎಷ್ಟೊತ್ತಿಗೆ ಕಚ್ತು ಅಕ್ಕ?”

“ಕರೆಂಟ್ ಬಂದ್ಮೇಲೆ. ಮೋಟ್ರು ಹಾಕಕ್ಕೆ ಹೋಗಿದ್ರು.”

“ಕರೆಂಟ್ ಎಷ್ಟೊತ್ತಿಗೆ ಬಂತು?”

“ಈ ವಾರ ರಾತ್ರಿ ಪಾಳಿ. ಹತ್ತು ಆಗಿತ್ತೇನೋ.”

“ಕಚ್ಚಿದ್ಮೇಲೆ ಮೊದ್ಲು ಯಾರಿಗೆ ಹೇಳಿದ್ರಿ?”

“ಮೈದುನಂಗೆ ಫೋನ್ ಮಾಡ್ದೆ.”

ಫೋನ್ ತೆಗೆಸಿ ನೋಡಿದಳು. ಕರೆ ಹೋದದ್ದು 10 ಗಂಟೆ 52 ನಿಮಿಷಕ್ಕೆ. ಗದ್ದೆಯಿಂದ ಮನೆಗೆ ಎಷ್ಟು ದೂರ ಎಂದು ಕೇಳಿಕೊಂಡು ಕಡಿತದ ಸಮಯವನ್ನು ಅಂದಾಜು ಮಾಡಿದಳು. ಅಂದಾಜು ಹೇಗೆ ಮಾಡಿದೆನೆಂದು ಪಕ್ಕದಲ್ಲಿ ಬರೆದಳು. ಕೇಸ್ ಶೀಟಿನಲ್ಲಿ ಅದಕ್ಕೂ ಮೊದಲು ಬರೆದಿದ್ದದ್ದು ‘ರಾತ್ರಿ’ ಎಂದಷ್ಟೇ.

ಕಾಲಿಗೆ ಬಿಗಿಯಾಗಿ ಕಟ್ಟಿದ್ದ ಹಗ್ಗದ ಗುರುತು ಕಾಣುತ್ತಿತ್ತು. ದಾರಿಯಲ್ಲಿ ನಾಟಿ ವೈದ್ಯರ ಮನೆಗೆ ಹೋಗಿದ್ದರು. ಅವಳು ಅದನ್ನೂ ಬರೆದುಕೊಂಡಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮುಂದಿನ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತಿರಲಿಲ್ಲ.

ಈ ಒಪ್ಪಿಗೆಯ ಕ್ರಮದ ಹಿಂದೆ ನೋವಿನ ಚರಿತ್ರೆ ಇದೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಜನರನ್ನು, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ಸುಮ್ಮನೆ ಗಮನಿಸುತ್ತಾ ಕುಳಿತರು. ಅದು ಬಯಲಾದ ಮೇಲೆ ನಡೆದ ವಿಚಾರಣೆಗಳ ಫಲವಾಗಿ 1979ರ ಬೆಲ್ಮಾಂಟ್ ವರದಿ ಬಂತು. ಮನುಷ್ಯನಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವಗಳನ್ನು ಅದು ಎತ್ತಿಹಿಡಿಯಿತು. ಪ್ರಜ್ಞೆಯಿಲ್ಲದೆ ಬಂದವರನ್ನು ಅಧ್ಯಯನಕ್ಕೆ ಸೇರಿಸಬಹುದೇ ಎಂಬುದು ತುರ್ತು ವಿಭಾಗಕ್ಕೇ ಸೇರಿದ ಕಷ್ಟದ ಪ್ರಶ್ನೆ. ಅಮೆರಿಕ 1996ರಲ್ಲಿ ಇದಕ್ಕೆ ಬಹಳ ಕಟ್ಟುನಿಟ್ಟಿನ ವಿನಾಯಿತಿ ರೂಪಿಸಿತು; ಅದಕ್ಕೂ ಮೊದಲು ಆ ಊರಿನ ಜನರ ಜೊತೆ ಸಮಾಲೋಚನೆ ಆಗಬೇಕು. ನಮ್ಮಲ್ಲಿ 2017ರ ಐ.ಸಿ.ಎಂ.ಆರ್. ಮಾರ್ಗಸೂಚಿ ಇದೆ. ಇಂಥ ಅಧ್ಯಯನಗಳಲ್ಲಿ ಒಪ್ಪಿಗೆ ಕೇಳುವ ಹೊಣೆಯನ್ನು ವಿದ್ಯಾರ್ಥಿಯ ಹೆಗಲಿಗೆ ಹಾಕಬಾರದು. ವಿದ್ಯಾರ್ಥಿಯ ಜಾಗ ಗಮನಿಸಿ ಬರೆಯುವ ಅಧ್ಯಯನಗಳಲ್ಲಿ ಮಾತ್ರ.

ನಮ್ಮ ಕ್ಯಾಶುವಾಲ್ಟಿಗಳಲ್ಲಿ

ಹಾವಿನ ಉದಾಹರಣೆಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಈ ಅಂದಾಜು ಆಸ್ಪತ್ರೆಯ ದಾಖಲೆಯಿಂದ ಬಂದದ್ದಲ್ಲ. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿದ್ದರಿಂದ ಬಂದದ್ದು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮರು ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಕ್ರಿಯಾಯೋಜನೆ ಪ್ರಕಟಿಸಿತು. ಎರಡೂ ಒಳ್ಳೆಯ ಹೆಜ್ಜೆಗಳು. ಆದರೆ ವರದಿ ಮಾಡಿ ಎಂದು ಆದೇಶ ಹೊರಡಿಸಿದರೆ ಸಂಖ್ಯೆ ಬರುತ್ತದೆ, ಉತ್ತರ ಬರುವುದಿಲ್ಲ. ಎಷ್ಟು ಹೊತ್ತಿಗೆ ಕಚ್ಚಿತು, ಎಷ್ಟು ಹೊತ್ತಿಗೆ ಬಂದರು, ಮೊದಲ ವಯಲ್ ಯಾವಾಗ ಏರಿತು, ಮೂತ್ರಪಿಂಡ ಯಾರಿಗೆ ಕೈಕೊಟ್ಟಿತು, ಮನೆಗೆ ಹೋದವರು ಮತ್ತೆ ಗದ್ದೆ ಕೆಲಸಕ್ಕೆ ಇಳಿದರೇ ಎಂಬುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಬರೆಯಬೇಕು.

ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಇಪ್ಪತ್ತು ನಿಮಿಷದ ರಕ್ತ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಸುಮಾರು ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ ಹಾಕಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಏರಿದೆ ಎಂದು ಅರ್ಥ. ಇಷ್ಟು ಸುಲಭದ, ಖರ್ಚಿಲ್ಲದ ಪರೀಕ್ಷೆ. ಆದರೆ ನಳಿಕೆಯನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರೆ, ಅಥವಾ ಗಾಜಿನ ಬದಲು ಪ್ಲಾಸ್ಟಿಕ್ ನಳಿಕೆ ಬಳಸಿದರೆ, ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಹತ್ತೇ ನಿಮಿಷಕ್ಕೆ ಬಾಗಿಸಿ ನೋಡಿದರೂ ತಪ್ಪು ಉತ್ತರ. ಮೂರು ಅಪಘಾತದ ಕೇಸುಗಳ ನಡುವೆ ಓಡಾಡುವ ನರ್ಸಿಗೆ ಒಂದು ನಳಿಕೆಯ ಮೇಲೆ ಇಪ್ಪತ್ತು ನಿಮಿಷ ಕಣ್ಣಿಡಲು ಆಗುವುದಿಲ್ಲ. ವಿದ್ಯಾರ್ಥಿಗೆ ಆಗುತ್ತದೆ. ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತರೆ ಸಾಕು. ಆ ರೋಗಿಗೂ ಲಾಭ, ಲೆಕ್ಕಕ್ಕೂ ಲಾಭ, ಪಾಠವೂ ಜನ್ಮಕ್ಕಾಗುವಷ್ಟು ಆಗುತ್ತದೆ.

ಈಗಿರುವ ಎರಡು ತಿಂಗಳ ಯೋಜನೆಯ ಮಿತಿಯೂ ಇಲ್ಲೇ ಕಾಣುತ್ತದೆ. ಹಾವು ಕಡಿತ ಹೆಚ್ಚುವುದು ಮಳೆಗಾಲದಲ್ಲಿ. ವಿದ್ಯಾರ್ಥಿಯ ಎರಡು ತಿಂಗಳು ಬೇಸಿಗೆಯಲ್ಲಿ ಬಿದ್ದರೆ ಕೈಗೆ ಕೆಲವೇ ಕೇಸುಗಳು ಸಿಗುತ್ತವೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ ಎಂದು ಗೊತ್ತಿರುವುದರಿಂದ ಬಹುಪಾಲು ಮಕ್ಕಳು ಸುಲಭದ ದಾರಿ ಹಿಡಿದು, ತಮ್ಮದೇ ತರಗತಿಯವರಿಗೆ ಪ್ರಶ್ನಾವಳಿ ಹಂಚಿ ವರದಿ ಬರೆಯುತ್ತಾರೆ. ತಪ್ಪು ಅವರದಲ್ಲ. ನಾವು ಅವರಿಗೆ ಕೊಟ್ಟಿರುವ ಚೌಕಟ್ಟೇ ಅಷ್ಟು ಚಿಕ್ಕದು.

ಬದಲಿ ಚೌಕಟ್ಟಿನ ಲೆಕ್ಕ ಹೀಗಿದೆ. ವಾರಕ್ಕೆ 168 ಗಂಟೆ. ನಾಲ್ಕು ಗಂಟೆಗೆ ಒಂದು ಪಾಳಿಯಂತೆ 42 ಪಾಳಿ. ಒಬ್ಬ ವಿದ್ಯಾರ್ಥಿ ವಾರಕ್ಕೆ ಎರಡು ಪಾಳಿ ಮಾಡಿದರೆ 21 ಜನ ಸಾಕು. 150 ಸೀಟಿನ ಕಾಲೇಜಿನಲ್ಲಿ ಒಂದು ಬ್ಯಾಚಿನ ಏಳರಲ್ಲಿ ಒಬ್ಬರು. ನರ್ಸಿಂಗ್ ಮತ್ತು ಅಲೈಡ್ ಹೆಲ್ತ್ ಕೋರ್ಸುಗಳ ಮಕ್ಕಳನ್ನೂ ಸೇರಿಸಿಕೊಂಡರೆ ಇನ್ನೂ ಹಗುರ. ಅಷ್ಟು ಜನರಿಂದ ಒಂದು ಕ್ಯಾಶುವಾಲ್ಟಿಯ ಬಾಗಿಲಿಗೆ ಬಂದ ಪ್ರತಿಯೊಬ್ಬ ಹಾವು ಕಡಿತದ ರೋಗಿಯೂ ಹಗಲು ರಾತ್ರಿ ಎನ್ನದೆ ಲೆಕ್ಕಕ್ಕೆ ಸೇರುತ್ತಾನೆ. ಪರೀಕ್ಷೆ ಬಂದಾಗ ಒಂದು ಬ್ಯಾಚ್ ಬಿಟ್ಟು ಇನ್ನೊಂದು ಬ್ಯಾಚ್ ಹಿಡಿಯುತ್ತದೆ. ಮಕ್ಕಳು ಬದಲಾಗುತ್ತಾರೆ, ರಿಜಿಸ್ಟರ್ ಬದಲಾಗುವುದಿಲ್ಲ. ಕೀಟನಾಶಕ ಕುಡಿದವರಿಗೆ, ದ್ವಿಚಕ್ರ ವಾಹನದಿಂದ ಬಿದ್ದವರಿಗೆ, ಎದೆನೋವಿನವರಿಗೆ ಇದೇ ಕ್ರಮವನ್ನು ಮುಂದೆ ವಿಸ್ತರಿಸಬಹುದು. ಆದರೆ ಮೊದಲು ಒಂದೇ ಪ್ರಶ್ನೆ ಸಾಕು.

ವಿದ್ಯಾರ್ಥಿಗೆ ನಾವು ತೀರಿಸಬೇಕಾದ ಋಣ

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಇದು ಬಿಟ್ಟಿ ದುಡಿಮೆಯಾಗಬಾರದು. ನಮ್ಮ ಇಂಟರ್ನ್‌ಗಳನ್ನು ಸ್ಯಾಂಪಲ್ ಒಯ್ಯಲು, ರಿಪೋರ್ಟ್ ತರಲು ಓಡಾಡಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಂಶೋಧನೆಯ ಹೆಸರಿನಲ್ಲಿ ಅದಕ್ಕೆ ಇನ್ನೊಂದು ಪಾಳಿ ಸೇರುವುದಾದರೆ ಬೇಡವೇ ಬೇಡ. ಅಮೆರಿಕದ ಯೋಜನೆಗಳು ಬಾಳಿಕೆ ಬಂದದ್ದು ಅವು ಪಾಠವೂ ಆಗಿದ್ದರಿಂದ. ವಾರಕ್ಕೊಮ್ಮೆಯಾದರೂ ವಿಭಾಗದ ಹಿರಿಯರು ಮಕ್ಕಳ ಜೊತೆ ಕುಳಿತು, ಈ ಪ್ರಶ್ನೆ ಯಾಕೆ, ಈ ಕಾಲಂ ಯಾಕೆ, ಕಳೆದ ವಾರ ಯಾರು ಬಿಟ್ಟುಹೋದರು ಎಂದು ಚರ್ಚಿಸಬೇಕು. ರಾತ್ರಿ ಪಾಳಿ ಮಾಡಿದವರಿಗೆ ಮರುದಿನದ ಮೊದಲ ತರಗತಿಯ ಹಾಜರಾತಿಯನ್ನು ಪ್ರಾಂಶುಪಾಲರ ಆದೇಶದ ಮೂಲಕವೇ ಕೊಡಬೇಕು. ರಾತ್ರಿ ಒಬ್ಬರೇ ಓಡಾಡುವಂತಾಗಬಾರದು, ಹಾಸ್ಟೆಲ್‌ಗೆ ಮರಳುವ ಹೊಣೆ ವಿಭಾಗದ್ದಾಗಬೇಕು.

ಹೆಸರಿನ ವಿಷಯದಲ್ಲೂ ಪ್ರಾಮಾಣಿಕರಾಗಿರೋಣ. ಬರೇ ಮಾಹಿತಿ ಸಂಗ್ರಹಿಸಿದ ಮಾತ್ರಕ್ಕೆ ಲೇಖಕರಾಗುವುದಿಲ್ಲ ಎಂಬುದು ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳ ನಿಯಮ. ಅದನ್ನು ಮೊದಲ ದಿನವೇ ವಿದ್ಯಾರ್ಥಿಗೆ ಹೇಳಬೇಕು. ಆದರೆ ಮಾಹಿತಿಯನ್ನು ವಿಶ್ಲೇಷಿಸಿ ಬರೆಯಲು ಕುಳಿತ ವಿದ್ಯಾರ್ಥಿಯ ಹೆಸರನ್ನು ಬಿಟ್ಟು, ಒಂದು ಫಾರಮ್ಮನ್ನೂ ನೋಡದ ಹಿರಿಯರ ಹೆಸರನ್ನು ಸೇರಿಸುವುದು ಕಳ್ಳತನ. ಅದನ್ನು ನೋಡಿ ಬೆಳೆದ ವಿದ್ಯಾರ್ಥಿ ಮುಂದೆ ಅಂಕಿಗಳನ್ನೇ ತಿದ್ದಲು ಹೇಸುವುದಿಲ್ಲ.

ಇನ್ನೊಂದು ಹೊಣೆ ಮನಸ್ಸಿಗೆ ಸಂಬಂಧಿಸಿದ್ದು. ಹತ್ತೊಂಬತ್ತು ಇಪ್ಪತ್ತರ ಮಕ್ಕಳು ತಾವು ಮಾತಾಡಿಸಿದ ಮನುಷ್ಯ ಒಂದು ಗಂಟೆಯ ಮೇಲೆ ಸಾಯುವುದನ್ನು ನೋಡುತ್ತಾರೆ. ಹಿರಿಯರಾದ ನಾವು ಮುಂದಿನ ಕೇಸಿಗೆ ಹೋಗಿಬಿಡುತ್ತೇವೆ. ಅವರು ಹೋಗಲಾರರು. ಪಾಳಿ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು ಮಾತಾಡುವುದು ಉಪಕಾರವಲ್ಲ, ಕರ್ತವ್ಯ.

ಇಷ್ಟನ್ನು ಪಾಲಿಸಿದರೆ ವಿದ್ಯಾರ್ಥಿಗೆ ಸಿಗುವುದು ದೊಡ್ಡದು. ಪುಸ್ತಕದಲ್ಲಿ ಒಂದು ಸಾಲಾಗಿ ಓದುವ ಶೇಕಡಾವಾರು ಅಂಕಿಯ ಹಿಂದೆ ಎಷ್ಟು ಜನರ ನೋವು, ಎಷ್ಟು ಜನರ ಒಪ್ಪಿಗೆ, ಎಷ್ಟು ರಾತ್ರಿಗಳ ನಿದ್ದೆ ಇದೆ ಎಂದು ಅವರಿಗೆ ತಿಳಿಯುತ್ತದೆ. ಬೇಡ ಎಂದ ರೋಗಿಯ ಮುಂದೆ ಫಾರಂ ಮಡಚಿಕೊಂಡು, ನಮಸ್ಕಾರ ಹೇಳಿ ಹಿಂದಿರುಗಲು ಕಲಿಯುತ್ತಾರೆ. ಬೇಡ ಎನ್ನುವ ಹಕ್ಕು ರೋಗಿಗೆ ಇದೆ ಎಂದು ವಿದ್ಯಾರ್ಥಿಯಾಗಿದ್ದಾಗಲೇ ಕಲಿತವರು ವೈದ್ಯರಾದ ಮೇಲೆ ರೋಗಿಯನ್ನು ಗದರಿಸುವುದಿಲ್ಲ. ಮುಂದೆ ಅವರು ಸಂಶೋಧಕರಾಗಲಿ ಬಿಡಲಿ, ಇದೊಂದೇ ಗುಣಕ್ಕಾಗಿ ಈ ಅನುಭವ ಎಲ್ಲ ವೈದ್ಯಕೀಯ ವಿದ್ಯಾರ್ಥಿಗಳಿಗೂ ಸಿಗಬೇಕೆಂದು ನಾನು ಬಯಸುತ್ತೇನೆ.

ಮುಗಿಸುವ ಮೊದಲು ಈ ವೇದಿಕೆಯ ಮೇಲಿರುವವರಲ್ಲಿ ಒಂದು ಬೇಡಿಕೆ ಇಡುತ್ತೇನೆ. ಪ್ರಾಂಶುಪಾಲರು ಹಾಜರಾತಿಯ ಆದೇಶ ಹೊರಡಿಸಲಿ. ಎಥಿಕ್ಸ್ ಕಮಿಟಿಯವರು ಒಂದು ವರ್ಷದ ರಿಜಿಸ್ಟರಿಗೆ ಒಪ್ಪಿಗೆಯ ಅರ್ಜಿಯನ್ನು ಪರಿಶೀಲಿಸಲಿ; ಕನ್ನಡದಲ್ಲಿ ಬರೆದ, ಹಳ್ಳಿಯ ಹೆಂಗಸಿಗೆ ಅರ್ಥವಾಗುವ ಒಪ್ಪಿಗೆ ಪತ್ರವನ್ನೇ ಕೇಳಲಿ. ದತ್ತಿಯ ಹಿರಿಯರು ಒಪ್ಪಿದರೆ ಬರುವ ಬಡ್ಡಿಯಲ್ಲಿ ಒಂದು ಪಾಲು ಗಾಜಿನ ನಳಿಕೆಗೆ, ಗಡಿಯಾರಕ್ಕೆ, ರೋಗಿಗಳನ್ನು ಮತ್ತೆ ವಿಚಾರಿಸುವ ಫೋನ್ ಖರ್ಚಿಗೆ ಹೋಗಲಿ. ಮುಂದಿನ ಮುಂಗಾರಿಗೆ ಕೆಲಸ ಶುರುವಾಗಲಿ. ಮರುವರ್ಷ ಇದೇ ದತ್ತಿಯ ಉಪನ್ಯಾಸಕ್ಕೆ ನನ್ನಂಥವರನ್ನು ಕರೆಯುವುದು ಬೇಡ. ಆ ಇಪ್ಪತ್ತೊಂದು ವಿದ್ಯಾರ್ಥಿಗಳೇ ಇಲ್ಲಿ ನಿಂತು ಒಂದು ಮಳೆಗಾಲದ ಲೆಕ್ಕ ಒಪ್ಪಿಸಲಿ: ಎಷ್ಟು ಜನ ಬಂದರು, ಎಷ್ಟು ಜನ ಬದುಕಿದರು, ಎಷ್ಟು ಜನ ನಮ್ಮ ಲೆಕ್ಕದಿಂದ ಬಿಟ್ಟುಹೋದರು, ಯಾಕೆ. ಆ ಲೆಕ್ಕವನ್ನು ಕೇಳಲು ನಾನು ಸಭೆಯ ಮೊದಲ ಸಾಲಿನಲ್ಲಿ ಕುಳಿತಿರುತ್ತೇನೆ.